ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ 32 ವರ್ಷದವರು ಯಾವ ಪಿಂಚಣಿ ಯೋಜನೆಗೆ ಸೇರಬೇಕು? ಏಜೆಂಟರು ವರ್ಷಕ್ಕೆ 30,000ದ ಪಾಲಿಸಿ ಮಾಡಿಸಿ ಅಂತಿದ್ದಾರೆ.

ನಾನೂ ಹೊಲಿಗೆ ಕಸುಬಿನವನೇ. ಆ ಪಾಲಿಸಿಗೆ ಈಗಲೇ ಸಹಿ ಹಾಕಬೇಡಿ. ನಾನು ಹಿಂದೆ ಅಂಥದ್ದೇ ಒಂದನ್ನು ಮಾಡಿಸಿದ್ದೆ. ಕಂತು ಬರುತ್ತಿದ್ದದ್ದು ಆಷಾಢದಲ್ಲಿ. ಮದುವೆಗಳಿಲ್ಲದ ಆ ತಿಂಗಳಲ್ಲಿ ಬ್ಲೌಸ್ ಪೀಸ್ ಹಿಡಿದು ಅಂಗಡಿ ಮೆಟ್ಟಿಲು ಹತ್ತುವವರೇ ಕಡಿಮೆ. ಎರಡು ವರ್ಷ ಸಾಲ ಮಾಡಿ ಕಟ್ಟಿದೆ, ಮೂರನೇ ವರ್ಷ ಆಗಲಿಲ್ಲ. ಬಿಡಿಸಿಕೊಂಡಾಗ ಕಟ್ಟಿದ್ದರಲ್ಲಿ ಅರ್ಧವೂ ಕೈಗೆ ಬರಲಿಲ್ಲ.

ನಮ್ಮ ದುಡ್ಡು ಬರುವ ರೀತಿಗೆ ಹೊಂದುವ ಯೋಜನೆ ಬೇಕು. ನೀವು ಆದಾಯ ತೆರಿಗೆ ಕಟ್ಟುವವರಲ್ಲದಿದ್ದರೆ ಮೊದಲು ಕೇಂದ್ರ ಸರ್ಕಾರದ ಅಟಲ್ ಪಿಂಚಣಿ ಯೋಜನೆಗೆ ಸೇರಿ. 2022ರ ಅಕ್ಟೋಬರ್‌ನಿಂದ ತೆರಿಗೆದಾರರಿಗೆ ಇದರಲ್ಲಿ ಪ್ರವೇಶವಿಲ್ಲ. 18ರಿಂದ 40 ವಯಸ್ಸಿನೊಳಗೆ ಸೇರಬೇಕು, ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲೇ ಅರ್ಜಿ ಕೊಟ್ಟರೆ ಸಾಕು. 60 ಆದಮೇಲೆ ತಿಂಗಳಿಗೆ 5,000 ಬರಬೇಕೆಂದರೆ ನಿಮ್ಮ ವಯಸ್ಸಿಗೆ ತಿಂಗಳಿಗೆ 689 ರೂಪಾಯಿ. 35ಕ್ಕೆ ಸೇರಿದ ನಾನು 902 ಕಟ್ಟುತ್ತಿದ್ದೇನೆ. ನಿಮ್ಮ ನಂತರ ಅಷ್ಟೇ ಪಿಂಚಣಿ ನಿಮ್ಮ ಗಂಡ ಅಥವಾ ಹೆಂಡತಿಗೆ ಬರುತ್ತದೆ, ಅವರ ನಂತರ ಕೂಡಿದ ಗಂಟು ನಾಮಿನಿಗೆ. ನನಗೆ ಈ ಯೋಜನೆ ಹಿಡಿಸಿದ್ದೇ ಇದಕ್ಕೆ.

ಆದರೆ ಇದೊಂದೇ ಸಾಲದು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೂ 28 ವರ್ಷದ ಮೇಲಿನ 5,000ಕ್ಕೆ ಇವತ್ತಿನ ಸಾವಿರದಷ್ಟೇ ಬೆಲೆ. ಅದಕ್ಕೇ ಜೊತೆಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಖಾತೆಯನ್ನೂ ತೆರೆಯಿರಿ, ಎರಡೂ ಇಟ್ಟುಕೊಳ್ಳಬಹುದು. ಆನ್‌ಲೈನ್‌ನಲ್ಲೇ ತೆರೆಯಬಹುದು. ಅದರಲ್ಲಿ ತಿಂಗಳ ಕಂತಿನ ಕಟ್ಟುಪಾಡಿಲ್ಲ. ನಾನು ಜೂನ್‌ನಲ್ಲಿ ಶಾಲೆ ಸಮವಸ್ತ್ರದ ದುಡ್ಡು ಬಂದಾಗ ಒಂದಿಷ್ಟು, ಮದುವೆ ಸೀಸನ್ನಿನಲ್ಲಿ ಒಂದಿಷ್ಟು ಹಾಕುತ್ತೇನೆ. ಆಷಾಢದಲ್ಲಿ ಏನೂ ಇಲ್ಲ. ಸ್ವಲ್ಪ ಭಾಗ ಷೇರಿಗೆ ಹೋಗುವುದರಿಂದ ಇಷ್ಟೇ ಬರುತ್ತದೆ ಎಂಬ ಖಾತರಿ ಮಾತ್ರ ಇಲ್ಲ. ಅದರಲ್ಲಿ ‘ಆಟೋ ಚಾಯ್ಸ್’ ಎಂಬ ಹೂಡಿಕೆ ವಿಧಾನ ಆರಿಸಿದರೆ ವಯಸ್ಸಾದಂತೆ ಷೇರಿನ ಪಾಲು ತಾನಾಗಿ ಇಳಿಯುತ್ತದೆ. ಷೇರಿನ ವಿಷಯ ತಿಳಿಯದ ನನ್ನಂಥವರಿಗೆ ಅದೇ ವಾಸಿ. ಇಲ್ಲಿ ಹಾಕಿದ್ದು ಬೇಕೆಂದಾಗ ವಾಪಸ್ ಸಿಗುವುದಿಲ್ಲ, ಹಾಗಾಗಿ ಮಕ್ಕಳ ಫೀಸಿನ ದುಡ್ಡು ಬೇರೆಯೇ ಇರಲಿ.

ಅಟಲ್ ಕಂತು ಖಾತೆಯಿಂದ ತಾನಾಗಿ ಕಟ್ ಆಗುತ್ತದೆ. ಆಷಾಢಕ್ಕೆ ಮುಂಚೆಯೇ ಎರಡು ಮೂರು ಕಂತಿನಷ್ಟು ದುಡ್ಡು ಖಾತೆಯಲ್ಲಿ ಬಿಟ್ಟಿರಿ.