ಸಿಯಾಟಲ್ ಮಳೆಗೆ ಸ್ಪೀಡ್‌ಸ್ಟರ್ ರೆಪ್ಲಿಕಾ: ಟಾಪ್ ಆಮೇಲೆ, ಮೊದಲು ಹೀಟರ್ ನೋಡಿ

ನಮಸ್ಕಾರ. ನೀವು ಕೇಳಿದ್ದು ಇಷ್ಟು ಅಂತ ಅಂದುಕೊಂಡಿದ್ದೇನೆ. ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಇದ್ದೀರಿ, 1950ರ ದಶಕದ ತೆರೆದ ಸ್ಪೋರ್ಟ್ಸ್ ಕಾರು ಪೋರ್ಷೆ 356 ಸ್ಪೀಡ್‌ಸ್ಟರ್‌ನ ರೆಪ್ಲಿಕಾ, ಅಂದರೆ ನಕಲು, ತಗೊಳ್ಳಬೇಕು, ಎರಡು ಗಾಡಿ ನೋಡಿಟ್ಟಿದ್ದೀರಿ. ಒಂದು ಫೋಕ್ಸ್‌ವ್ಯಾಗನ್ ಬೀಟಲ್‌ನ ಪ್ಯಾನ್ (ಉಕ್ಕಿನ ತಳ) ಮೇಲೆ ಕಟ್ಟಿದ್ದು: ಏರ್‌ಕೂಲ್ಡ್ (ಗಾಳಿಯಿಂದ ತಂಪಾಗುವ) ಎಂಜಿನ್, ಬಾಗಿಲ ಗಾಜಿನ ಬದಲು ಸಿಕ್ಕಿಸುವ ಪ್ಲಾಸ್ಟಿಕ್ ಕಿಟಕಿ ಅಂದರೆ ಸೈಡ್ ಕರ್ಟನ್, ಬೆಲೆ ಕಡಿಮೆ. ಇನ್ನೊಂದಕ್ಕೆ ಟ್ಯೂಬ್ ಚಾಸಿಸ್ (ಕೊಳವೆಗಳಿಂದ ಕಟ್ಟಿದ ಚೌಕಟ್ಟು), ಸುಬಾರು ಎಂಜಿನ್, ಏರಿಸಿ ಇಳಿಸುವ ಗಾಜು. ಬೆಲೆ ಜಾಸ್ತಿ. ಮಳೆಗಾಲದಲ್ಲೂ ಓಡಿಸಬೇಕು, ಟಾಪ್ (ಮಡಚುವ ಬಟ್ಟೆಯ ಮಾಡು) ಸೋರುತ್ತಾ ಅನ್ನುವುದು ನಿಮ್ಮ ಚಿಂತೆ.

ಸೋರುತ್ತೆ. ಎರಡೂ ಸೋರುತ್ತವೆ, ಒಂದು ಸ್ವಲ್ಪ ಕಡಿಮೆ ಅಷ್ಟೆ. ಆದರೆ ಈ ಊರಲ್ಲಿ ಅದಕ್ಕಿಂತ ದೊಡ್ಡ ತಲೆನೋವು ಗಾಜಿಗೆ ಒಳಗಿನಿಂದ ಹಿಡಿಯುವ ಹಬೆ. ಸಿಯಾಟಲ್‌ಗೂ ಬೆಂಗಳೂರಿಗೂ ವರ್ಷದ ಮಳೆ ಹೆಚ್ಚುಕಡಿಮೆ ಒಂದೇ, ಸುಮಾರು 1000 ಮಿ.ಮೀ. ಬೆಂಗಳೂರಲ್ಲಿ ಅದು ಸಂಜೆ ಧೋ ಅಂತ ಸುರಿಯುತ್ತದೆ, ಬೆಳಗ್ಗೆ ಬಿಸಿಲು ಬರುತ್ತದೆ. ಇಲ್ಲಿ ಅದೇ ನೀರು ಸುಮಾರು 150 ದಿನ ಜಿಟಿಜಿಟಿ ಅಂತ ಬೀಳುತ್ತದೆ. ಅಕ್ಟೋಬರ್‌ನಲ್ಲಿ ಒದ್ದೆಯಾದ ಕಾರ್ಪೆಟ್ ತಾನಾಗಿ ಒಣಗಬೇಕಾದರೆ ಮೇ ಬರಬೇಕು. ಒದ್ದೆ ಕಾರ್ಪೆಟ್, ಒದ್ದೆ ಜಾಕೆಟ್, ಇಬ್ಬರ ಉಸಿರು, ಅಷ್ಟು ಚಿಕ್ಕ ಗಾಡಿ. ಎದುರಿನ ಗಾಜು ಬೆಳ್ಳಗಾಗಲು ಎಷ್ಟು ಹೊತ್ತು ಬೇಕು ಹೇಳಿ.

ಗಾಡಿಯನ್ನು ಬೈದು ಪ್ರಯೋಜನವಿಲ್ಲ, ಮೂಲ ಸ್ಪೀಡ್‌ಸ್ಟರ್ ಮಾಡಿದ್ದೇ ಕ್ಯಾಲಿಫೋರ್ನಿಯಾದ ಬಿಸಿಲಿಗೆ. ನ್ಯೂಯಾರ್ಕ್‌ನ ಇಂಪೋರ್ಟರ್ ಮ್ಯಾಕ್ಸ್ ಹಾಫ್‌ಮನ್ ಹಟ ಹಿಡಿದಿದ್ದಕ್ಕೆ ಪೋರ್ಷೆಯವರು 1954ರಲ್ಲಿ 3000 ಡಾಲರ್ ಒಳಗೆ ಮಾರಲು ಅಂತ ಹೊರತಂದ ಗಾಡಿ ಅದು. ಗಿಡ್ಡ ವಿಂಡ್‌ಶೀಲ್ಡ್, ತೆಳು ಟಾಪ್, ಬಾಗಿಲಿಗೆ ಗಾಜೇ ಇಲ್ಲ. 1958ರಲ್ಲಿ ಅವರೇ ಅದರ ಜಾಗಕ್ಕೆ ಕನ್ವರ್ಟಿಬಲ್ ಡಿ ತಂದರು. ವಿಂಡ್‌ಶೀಲ್ಡ್ ಎತ್ತರವಾಯಿತು, ಬಾಗಿಲಿಗೆ ಗಾಜು ಬಂತು. ಕಂಪನಿಯೇ ತಿದ್ದಿಕೊಂಡ ಕಷ್ಟವನ್ನು ನಾವು ರೆಪ್ಲಿಕಾದಲ್ಲಿ ದುಡ್ಡು ಕೊಟ್ಟು ತಗೊಳ್ಳುತ್ತೇವೆ! ಚೆಂದ ಇದೆಯಲ್ಲ, ಏನು ಮಾಡೋದು.

ಈಗ ಹೀಟರ್ ವಿಷಯ, ಆ ಹಬೆ ಹೋಗಬೇಕಾದರೆ ಗಾಜಿಗೆ ಬಿಸಿ ಗಾಳಿ ಬೇಕು. ಬೀಟಲ್‌ನಲ್ಲಿ ಎಂಜಿನ್ ತಂಪು ಮಾಡುವ ಫ್ಯಾನಿನ ಗಾಳಿಯಲ್ಲಿ ಒಂದು ಪಾಲು ಎಕ್ಸಾಸ್ಟ್ ಪೈಪಿನ ಸುತ್ತ ಇರುವ ಹೀಟ್ ಎಕ್ಸ್‌ಚೇಂಜರ್ ಮೂಲಕ ಹೋಗಿ ಬಿಸಿಯಾಗುತ್ತದೆ. ಬಾಗಿಲ ಕೆಳಗಿನ ಉಕ್ಕಿನ ಚಾನೆಲ್‌ನಲ್ಲಿ ಮುಂದಕ್ಕೆ ಬಂದು ವಿಂಡ್‌ಶೀಲ್ಡ್ ಬುಡದಲ್ಲಿ ಹೊರಗೆ ಬರುತ್ತದೆ. ರೆಪ್ಲಿಕಾ ಕಟ್ಟುವವರು ಬೀಟಲ್ ಬಾಡಿ ತೆಗೆದು ಫೈಬರ್ ಬಾಡಿ ಕೂರಿಸುತ್ತಾರೆ. ಚಾನೆಲ್ ಹಳೇ ಬಾಡಿಯ ಜೊತೆಗೇ ಹೋಯಿತು. ಪವರ್ ಸಿಗಲಿ, ಸೌಂಡ್ ಚೆನ್ನಾಗಿರಲಿ ಅಂತ ಹೆಡರ್ (ಬೇರೆ ಬಗೆಯ ಎಕ್ಸಾಸ್ಟ್ ಪೈಪು) ಹಾಕಿಸಿದ್ದರೆ ಎಕ್ಸ್‌ಚೇಂಜರ್ ಕೂಡ ಹೋಯಿತು. ಕೊನೆಗೆ ಡ್ಯಾಶ್ ಮೇಲೆ ಡಿಫ್ರಾಸ್ಟರ್ ಸೀಳು (ಗಾಜಿಗೆ ಬಿಸಿ ಗಾಳಿ ಬಿಡುವ ಕಿಂಡಿ) ಮಾತ್ರ ಉಳಿದಿರುತ್ತದೆ. ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿದರೆ ಅದಕ್ಕೆ ಪೈಪೇ ಇರಲ್ಲ.

ಅದಕ್ಕೇ ಹೇಳೋದು, ಮೊದಲ ಗಾಡಿ ನೋಡಲು ಹೋದಾಗ ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಆಮೇಲೆ ಆ ಸೀಳಿಗೆ ಅಂಗೈ ಒಡ್ಡಿ. ಬಿಸಿ ಗಾಳಿ ತಾಗಬೇಕು. ಆಮೇಲೆ ಟಾಪ್ ಎಳೆಸಿ, ಎರಡೂ ಕರ್ಟನ್ ಸಿಕ್ಕಿಸಿ, ಮಾರುವವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಓಡಿಸಿ. ಮಳೆ ಬರುವ ದಿನವೇ ಹೋದರೆ ಇನ್ನೂ ಒಳ್ಳೆಯದು. ಕರ್ಟನ್‌ನ ಪ್ಲಾಸ್ಟಿಕ್ ಕಿಟಕಿಯನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಗೀರು ಬಿದ್ದಿರುತ್ತದೆ. ರಾತ್ರಿ ಎದುರು ಗಾಡಿಯ ಲೈಟ್ ಬಿದ್ದರೆ ಪಕ್ಕದ ಲೇನ್ ಕಾಣಲ್ಲ. ಹೈವೇ ಸ್ಪೀಡಿನಲ್ಲಿ ಅದರ ಮೇಲಂಚು ಹೊರಕ್ಕೆ ಬಾಗುತ್ತದೆ, ನೀರು ಬರುವುದು ಅಲ್ಲಿಂದ. ಟಾಪ್ ಬಟ್ಟೆಯಿಂದ ಬರುವುದು ಕಡಿಮೆ.

ಎಕ್ಸ್‌ಚೇಂಜರ್ ಇದ್ದರೂ ತುಕ್ಕು ಹಿಡಿದು ತೂತಾಗಿದೆಯಾ ಅಂತ ಗಾಡಿ ಎತ್ತಿಸಿ ನೋಡಿ. ತೂತಾಗಿದ್ದರೆ ಹೊಗೆ ನೇರವಾಗಿ ನೀವು ಕೂತಲ್ಲಿಗೆ ಬರುತ್ತದೆ. ಅದರಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಟಾಪ್ ಮುಚ್ಚಿ ಓಡಿಸುವುದಾದರೆ ಅದನ್ನು ಪತ್ತೆ ಮಾಡುವ, ಬ್ಯಾಟರಿಯಿಂದ ನಡೆಯುವ ಚಿಕ್ಕ ಅಲಾರಂ ಒಂದು ಇಟ್ಟುಕೊಳ್ಳಿ, ಇದರಲ್ಲಿ ಜಿಪುಣತನ ಬೇಡ. ಲೈಟರ್ ಸಾಕೆಟ್‌ಗೆ ಚುಚ್ಚುವ 12 ವೋಲ್ಟ್ ಹೀಟರ್‌ಗೆ ದುಡ್ಡು ಹಾಕಬೇಡಿ. 150 ವ್ಯಾಟ್‌ನಲ್ಲಿ ಬೆರಳೂ ಬೆಚ್ಚಗಾಗಲ್ಲ. ಪೆಟ್ರೋಲ್‌ನಿಂದ ಉರಿಯುವ ಹೀಟರ್ ಹಾಕಿಸಬಹುದು, ಕೆಲಸ ಮಾಡುತ್ತದೆ, ಆದರೆ ಕೂರಿಸುವವರಿಗೆ ಕೆಲಸ ಗೊತ್ತಿರಬೇಕು.

ಎರಡನೇ ಗಾಡಿಗೆ ಈ ಯಾವ ರಗಳೆಯೂ ಇಲ್ಲ. ಸುಬಾರು ಎಂಜಿನ್ ವಾಟರ್‌ಕೂಲ್ಡ್. ಬಿಸಿ ನೀರು ಒಳಗಿನ ಚಿಕ್ಕ ರೇಡಿಯೇಟರ್‌ಗೆ, ಅಂದರೆ ಹೀಟರ್ ಕೋರ್‌ಗೆ ಬರುತ್ತದೆ, ಎಲ್ಲ ಮಾಮೂಲಿ ಕಾರಿನಂತೆ. ಹೀಟರ್ ಕೋರ್‌ಗೆ ಪೈಪ್ ಜೋಡಿಸಿದ್ದಾರಾ ಅಂತ ಮಾತ್ರ ಕೇಳಿ. ಬಿಸಿಲು ಊರಿನಲ್ಲಿ ಕಟ್ಟಿದ ಗಾಡಿಯಾದರೆ ಅದನ್ನೂ ಬಿಟ್ಟಿರಬಹುದು.

ನಿಮ್ಮ ಪ್ರಶ್ನೆಗೆ ಮೇಲೆ ಉತ್ತರಿಸಿದ ಒಬ್ಬರು "ಫೈಬರ್ ಬಾಡಿ, ತುಕ್ಕಿನ ಭಯ ಇಲ್ಲ, ಕಣ್ಣು ಮುಚ್ಚಿ ತಗೊಳ್ಳಿ" ಅಂದಿದ್ದಾರೆ. ಬಾಡಿಗೆ ತುಕ್ಕು ಹಿಡಿಯಲ್ಲ, ನಿಜ. ಆದರೆ ಕೆಳಗಿನ ಪ್ಯಾನ್ ಉಕ್ಕು ಅಲ್ವಾ? ಬೀಟಲ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಅಂತರ) 2400 ಮಿ.ಮೀ., 356ರದ್ದು 2100. ಹಾಗಾಗಿ ಪ್ಯಾನ್‌ನ ನಡುವೆ 300 ಮಿ.ಮೀ. ಕತ್ತರಿಸಿ ಮತ್ತೆ ವೆಲ್ಡ್ ಮಾಡಿರುತ್ತಾರೆ. ಕಾರ್ಪೆಟ್ ಎತ್ತಿ ಆ ವೆಲ್ಡಿಂಗ್ ಗೆರೆ ನೋಡಿ, ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿ. ಬ್ಯಾಟರಿಯ ಕೆಳಗೂ ನೋಡಿ. ಕಾರ್ಪೆಟ್ ಎತ್ತಲು ಬಿಡಲ್ಲ ಅಂದರೆ ಅಲ್ಲಿಗೆ ಮಾತು ಮುಗಿಯಿತು, ವಾಪಸ್ ಬನ್ನಿ.

ಫೈಬರ್‌ದು ಇನ್ನೊಂದು ತರಲೆ ಇದೆ, ಇದನ್ನು ಯಾರೂ ಹೇಳಲ್ಲ. ಉಕ್ಕಿನ ಕಾರಿನಲ್ಲಿ ಬಾಡಿಯೇ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ, ಪ್ರತಿ ಲೈಟಿಗೂ ಅರ್ತ್ ವೈರ್ ಬೇರೆಯಾಗಿ ಎಳೆಯಬೇಕು. ತೇವಕ್ಕೆ ಆ ರಿಂಗ್ ಟರ್ಮಿನಲ್‌ಗಳು ಹಸಿರುಗಟ್ಟುತ್ತವೆ. ಪರೀಕ್ಷೆ ಸುಲಭ. ಹೆಡ್‌ಲೈಟ್ ಹಾಕಿ, ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ. ಇಂಡಿಕೇಟರ್ ಮಿನುಗಿದಾಗಲೆಲ್ಲ ಬ್ರೇಕ್ ಲೈಟ್ ಮಂಕಾದರೆ ಅರ್ತ್ ಕೆಟ್ಟಿದೆ. ರಿಪೇರಿಗೆ ಖರ್ಚು ಜಾಸ್ತಿ ಇಲ್ಲ, ತಾಳ್ಮೆ ಬೇಕು. ಹಳೇ ಡೈನಮೋ ಇದ್ದರೆ ಆಲ್ಟರ್ನೇಟರ್‌ಗೆ ಬದಲಿಸಿ. ಡಿಸೆಂಬರ್‌ನಲ್ಲಿ ಇಲ್ಲಿ 4:20ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಲೈಟು, ವೈಪರ್, ಫ್ಯಾನ್ ಮೂರೂ ಒಟ್ಟಿಗೆ ಓಡಬೇಕು.

ಓಡಿಸುವ ವಿಷಯ ಚುಟುಕಾಗಿ. ಬೀಟಲ್ ಪ್ಯಾನ್‌ನ ಹಿಂದಿನ ಸಸ್ಪೆನ್ಷನ್ ಹಳೇ ಬಗೆಯ ಸ್ವಿಂಗ್ ಆಕ್ಸಲ್ಲಾ, ಆಮೇಲೆ ಬಂದ ಐಆರ್‌ಎಸ್ಸಾ (ಇಂಡಿಪೆಂಡೆಂಟ್ ರಿಯರ್ ಸಸ್ಪೆನ್ಷನ್) ಕೇಳಿ. ಅಮೆರಿಕದಲ್ಲಿ ಮಾರಿದ ಬೀಟಲ್‌ಗಳಿಗೆ 1969ರ ಮಾಡೆಲ್‌ನಿಂದ ಐಆರ್‌ಎಸ್ ಬಂತು. ಒದ್ದೆ ತಿರುವಿನಲ್ಲಿ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಸ್ವಿಂಗ್ ಆಕ್ಸಲ್ ಗಾಡಿಯ ಹಿಂಭಾಗ ಜಾರುತ್ತದೆ. ಹೊಸಬರಿಗೆ ಐಆರ್‌ಎಸ್ಸೇ ಇರಲಿ. ಮುಂದೆ ಡಿಸ್ಕ್ ಬ್ರೇಕ್ ಇರಲಿ, ಡ್ರಮ್ ಒದ್ದೆಯಾದರೆ ಗಾಡಿಯನ್ನು ಒಂದು ಕಡೆಗೆ ಎಳೆಯುತ್ತದೆ. ಟೈರ್ ಪಕ್ಕದಲ್ಲಿ ಡಾಟ್ ಕೋಡ್‌ನ ಕೊನೆಯ ನಾಲ್ಕು ಅಂಕಿ ನೋಡಿ, ವಾರ ಮತ್ತು ವರ್ಷ ಸಿಗುತ್ತದೆ. ಗ್ಯಾರೇಜಿನಲ್ಲೇ ನಿಂತಿದ್ದ ಗಾಡಿಯ ಟೈರ್‌ನಲ್ಲಿ ಮೇಲಿನ ಗೆರೆಗಳು (ಟ್ರೆಡ್) ಹೊಸದರಂತೆ ಕಾಣುತ್ತವೆ, ರಬ್ಬರ್ ಕಲ್ಲಾಗಿರುತ್ತದೆ. ಎಂಜಿನ್ ನಡುವೆ ಒಂದೇ ದೊಡ್ಡ ವೆಬರ್ ಕಾರ್ಬ್ಯುರೇಟರ್ ಕೂರಿಸಿದ್ದರೆ ಚಳಿ, ತೇವ ಎರಡೂ ಸೇರಿದ ದಿನ ಅದರೊಳಗೆ ಐಸ್ ಕಟ್ಟಿ ಎಂಜಿನ್ ಆಫ್ ಆಗಬಹುದು.

ಹಾಗಾದರೆ ಯಾವುದು ತಗೊಳ್ಳೋದು? ನವೆಂಬರ್‌ನಲ್ಲೂ ಆಫೀಸಿಗೆ ಓಡಿಸುತ್ತೇನೆ ಅಂದರೆ ಸುಬಾರು ಎಂಜಿನ್‌ದೇ ಸರಿ, ಚೌಕಾಸಿ ಮಾಡಿ ತಗೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಭಾನುವಾರ ಸ್ನೋಕ್ವಾಲ್ಮಿ ಕಡೆ ಒಂದು ಸುತ್ತು ಸಾಕು ಅಂದರೆ ಸುಮ್ನೆ ಯಾಕೆ ಅಷ್ಟು ದುಡ್ಡು, ಮೊದಲನೆಯದೇ ಇರಲಿ. ಆ ತಿಂಗಳುಗಳಲ್ಲಿ ಇಲ್ಲಿ ಮಳೆಯೇ ಅಪರೂಪ. ಏರ್‌ಕೂಲ್ಡ್ ಎಂಜಿನ್‌ನ ಆ ಸದ್ದು ಸುಬಾರುಗೆ ಬರಲ್ಲ, ಅದನ್ನೂ ಒಪ್ಪಬೇಕು. ಯಾವುದೇ ತಗೊಂಡರೂ ಗ್ಯಾರೇಜಿಗೆ ಡಿಹ್ಯೂಮಿಡಿಫೈಯರ್ ಬೇಕು. ಪ್ಲಾಸ್ಟಿಕ್ ಕವರ್ ಬೇಡ, ಗಾಳಿಯಾಡುವ ಬಟ್ಟೆ ಕವರ್ ಹಾಕಿ.

ಅಡ್ವಾನ್ಸ್ ಕೊಡುವ ಮೊದಲು ಟೈಟಲ್ (ಮಾಲೀಕತ್ವದ ಪತ್ರ) ನೋಡಿ. ಪ್ಯಾನ್ ಮೇಲೆ ಕಟ್ಟಿದ ಗಾಡಿಗಳ ಟೈಟಲ್‌ನಲ್ಲಿ ಬಹಳ ಸಲ ಹಳೇ ಬೀಟಲ್‌ನ ವರ್ಷ, ಫೋಕ್ಸ್‌ವ್ಯಾಗನ್ ಅಂತಲೇ ಇರುತ್ತದೆ. ಟೈಟಲ್‌ನಲ್ಲಿರುವ ಚಾಸಿಸ್ ನಂಬರ್ ಬೀಟಲ್‌ನ ಹಿಂದಿನ ಸೀಟ್ ಇದ್ದ ಜಾಗದಲ್ಲಿ, ನಡುವಿನ ಟನಲ್ ಮೇಲೆ ಕೊರೆದಿರುತ್ತದೆ. ಎರಡೂ ತಾಳೆಯಾಗಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಎಮಿಷನ್ (ಹೊಗೆ) ಟೆಸ್ಟ್ 2020ರಿಂದ ಇಲ್ಲ, ಆ ಚಿಂತೆ ಬಿಡಿ. ಕಿಟ್ ಗಾಡಿ (ಬಿಡಿಭಾಗ ಜೋಡಿಸಿ ಕಟ್ಟಿದ್ದು) ಅಂತ ಹೊಸದಾಗಿ ರಿಜಿಸ್ಟರ್ ಆಗಬೇಕಾದರೆ ಸ್ಟೇಟ್ ಪ್ಯಾಟ್ರೋಲ್‌ನವರ (ರಾಜ್ಯದ ಪೊಲೀಸರ) ಇನ್ಸ್‌ಪೆಕ್ಷನ್ ಇರುತ್ತದೆ, ಲೈಸೆನ್ಸಿಂಗ್ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ. ಇನ್ಶೂರೆನ್ಸ್ ಅಗ್ರೀಡ್ ವ್ಯಾಲ್ಯೂದ್ದೇ (ಗಾಡಿಯ ಬೆಲೆ ಮೊದಲೇ ಒಪ್ಪಿಕೊಂಡಿದ್ದು) ಮಾಡಿಸಿ. ಆದರೆ ಕಲೆಕ್ಟರ್ (ಹವ್ಯಾಸದ ಗಾಡಿಗಳ) ಪಾಲಿಸಿಯವರು ದಿನಾ ಓಡಿಸಲು ಸಾಮಾನ್ಯವಾಗಿ ಒಪ್ಪಲ್ಲ. ನವೆಂಬರ್ ಆಫೀಸಿನ ಯೋಚನೆ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಎರಡೂ ಗಾಡಿಯ ಅಡಿಭಾಗದ ಫೋಟೊ ಸಿಕ್ಕರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಟೈಟಲ್ ಫೋಟೊ ಹಾಕುವುದಾದರೆ ನಂಬರ್ ಮುಚ್ಚಿ ಹಾಕಿ.