ಆಕ್ವಾ ಡಿ ಪಾರ್ಮಾ ಕೊಲೋನಿಯಾ ಎರಡು ಗಂಟೆಯಲ್ಲೇ ಮಾಯವಾಗುತ್ತದೆ, ನಕಲಿ ಇರಬಹುದೇ?

ಬೇಗ ಆರಿತು ಅನ್ನುವುದೊಂದರಿಂದಲೇ ನಕಲಿ ಎನ್ನಲಾಗದು. 1916ರಲ್ಲಿ ಇಟಲಿಯ ಪಾರ್ಮಾದಲ್ಲಿ ಹುಟ್ಟಿದ ಈ ಸೆಂಟು ಹಗುರ ಕೊಲೋನ್ ಜಾತಿಯದು. ಇಂಥವುಗಳಲ್ಲಿ ಸುಗಂಧತೈಲ ಸಾಮಾನ್ಯವಾಗಿ ಶೇ. 5ರ ಆಸುಪಾಸು, ಉಳಿದದ್ದು ಬಹುಪಾಲು ಆಲ್ಕೋಹಾಲ್.

ಸಿಂಪಡಿಸಿದ ಕೂಡಲೇ ಮೂಗಿಗೆ ಬರುವುದು ನಿಂಬೆ, ಕಿತ್ತಳೆ, ಅದೇ ಜಾತಿಯ ಬರ್ಗಮಾಟ್ ಹಣ್ಣಿನ ವಾಸನೆ. ಇವುಗಳಲ್ಲಿರುವ ಲಿಮೊನೀನ್ ಎಂಬ ಸುವಾಸನೆಯ ರಾಸಾಯನಿಕ ಬಹಳ ಬೇಗ ಆವಿಯಾಗುತ್ತದೆ. ಅರ್ಧ ಗಂಟೆಯೊಳಗೆ ಆ ಹೊಳಪು ಕಡಿಮೆ. ಆಮೇಲೆ ಲ್ಯಾವೆಂಡರ್, ರೋಸ್‌ಮೇರಿ. ಕೊನೆಗೆ ಚರ್ಮಕ್ಕೆ ಅಂಟಿಕೊಂಡು ಉಳಿಯುವುದು ಲಾವಂಚ, ಶ್ರೀಗಂಧ, ಪಚೋಲಿ. ಅದು ಹತ್ತಿರ ಬಂದವರಿಗಷ್ಟೇ ಗೊತ್ತಾಗುವಷ್ಟು ಮೆಲುವಾದ ಘಮ. ಹಾಕಿಕೊಂಡವರ ಮೂಗು ಒಗ್ಗಿಹೋಗಿ ಅದನ್ನು ಗುರುತಿಸದೆ ಇರುವುದೂ ಉಂಟು, ಪಕ್ಕದವರನ್ನು ಕೇಳಿ ನೋಡಿ.

ಸ್ನಾನವಾದ ಮೇಲೆ ವಾಸನೆಯಿಲ್ಲದ ಮಾಯಿಶ್ಚರೈಸರ್ ತೆಳುವಾಗಿ ಹಚ್ಚಿ, ಒಂದು ಗೇಣು ದೂರದಿಂದ ಎದೆ, ಕತ್ತಿನ ಹಿಂಭಾಗಕ್ಕೆ 4–5 ಸಲ ಸಿಂಪಡಿಸಿ. ಒಣ ಚರ್ಮದಲ್ಲಿ ಇನ್ನೂ ಬೇಗ ಆರುತ್ತದೆ. ಹತ್ತಿ ಬನಿಯನ್‌ಗೆ ಒಂದು ಸಲ ಹೊಡೆದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ರೇಷ್ಮೆ ಮತ್ತು ಬಿಳಿ ಬಟ್ಟೆಗೆ ಬೇಡ, ಕಲೆಯಾದೀತು. ಮಧ್ಯಾಹ್ನ ಮತ್ತೆ ಹಾಕಿಕೊಳ್ಳಲು 10 ಮಿ.ಲೀ. ಸ್ಪ್ರೇ ಶೀಶೆ ಜೇಬಿನಲ್ಲಿರಲಿ. ಕೊಲೋನ್ ಬಳಸುವ ಹಳೇ ಕ್ರಮವೇ ಅದು.

ಬಾಟಲಿಯನ್ನು ಬಚ್ಚಲುಮನೆಯಲ್ಲಿ, ಕಿಟಕಿ ಬಳಿ ಇಡಬೇಡಿ. ಬಿಸಿಲು, ಗಾಳಿ ತಾಗಿ ಸಿಟ್ರಸ್ ತೈಲ ಕೆಟ್ಟರೆ ಮೊದಲ ಸಿಂಪಡಿಕೆಯಲ್ಲೇ ಟರ್ಪೆಂಟೈನ್‌ನಂಥ ಕಟು ವಾಸನೆ ಹೊಡೆಯುತ್ತದೆ.