ಸ್ವಂತದ್ದು ಶುರು ಮಾಡಲಾ ಅಂತ ಕೇಳಿದವರಿಗೆ

ನಿಮ್ಮ ಪತ್ರ ಓದಿದೆ. ಪರದೇಶಕ್ಕೆ ಬಂದು ಎಂಟು ತಿಂಗಳಾಗಿದೆ, ಕೆಲಸ ಇದೆ, ಸಂಬಳ ಸರಿಯಾಗಿ ಬರುತ್ತಿದೆ, ಆದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ ಅಂತ ಬರೆದಿದ್ದೀರಿ. ಹೊರಗಿನಿಂದ ಬಂದವರಲ್ಲಿ ಇಷ್ಟು ಜನ ಯಾಕೆ ಸ್ವಂತ ಉದ್ಯಮ ಮಾಡುತ್ತಾರೆ, ಉದ್ಯಮಿ ಆಗುವುದು ಅಂದರೆ ನಿಜಕ್ಕೂ ಏನು, ನಾನೂ ಕೆಲಸ ಬಿಟ್ಟುಬಿಡಲಾ ಅಂತ ಮೂರು ಪ್ರಶ್ನೆ ಕೇಳಿದ್ದೀರಿ.

ನಾನು ದೇಶ ಬಿಟ್ಟು 21 ವರ್ಷ ಆಯಿತು. ಮೊದಲ ಆರು ವರ್ಷ ಸಂಬಳ ತೆಗೆದುಕೊಂಡೆ, ಆಮೇಲಿನ ಹದಿನೈದು ವರ್ಷ ಸಂಬಳ ಕೊಡುತ್ತಾ ಬಂದಿದ್ದೇನೆ. ಎರಡೂ ಕಡೆ ಕೂತು ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬಿಡುವಾದಾಗ ಓದಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ನಾಳೆಯೇ ಬಿಡಬೇಡಿ. ಬಿಡಲೇಬೇಡಿ ಅಂತ ಹೇಳುತ್ತಿಲ್ಲ. ಯಾಕೆ ಬಿಡಬೇಕು ಅನಿಸುತ್ತಿದೆ ಅನ್ನುವುದು ನಿಮಗೇ ಗೊತ್ತಾಗುವವರೆಗೆ ಬೇಡ.

ನನ್ನ ಕಸುಬು ತಕ್ಕಡಿಗಳದ್ದು. ಔಷಧಿ ತಯಾರಿಸುವವರು, ಪ್ರಯೋಗಾಲಯದವರು, ಗೋದಾಮಿನವರು ಬಳಸುವ ಎಲೆಕ್ಟ್ರಾನಿಕ್ ತಕ್ಕಡಿ ಸರಿಯಾಗಿ ತೂಗುತ್ತಿದೆಯಾ ಅಂತ ಪರೀಕ್ಷಿಸಿ, ಇಲ್ಲದಿದ್ದರೆ ಸರಿಪಡಿಸಿ, ಸರ್ಟಿಫಿಕೇಟ್ ಕೊಡುವುದು. ಒಂದು ಪೆಟ್ಟಿಗೆಯಲ್ಲಿ ತೂಕದ ಬಟ್ಟುಗಳಿರುತ್ತವೆ. ಚಿಕ್ಕ ಬಟ್ಟನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಅಂಟಿದರೆ ಅದರ ತೂಕವೇ ಬದಲಾಗುತ್ತದೆ, ಅದಕ್ಕೆ ಚಿಮಟದಲ್ಲಿ ಎತ್ತಬೇಕು. ಆ ಬಟ್ಟುಗಳನ್ನೂ ಆಗಾಗ ಮೇಲ್ಮಟ್ಟದ ಪ್ರಯೋಗಾಲಯಕ್ಕೆ ಕಳಿಸಿ ತೂಗಿಸಿಕೊಂಡು ಬರಬೇಕು. ಇಷ್ಟು ನಾಜೂಕಿನ ಕೆಲಸ ಇದು. ಆದರೆ ಉದ್ಯಮ ಅಂದರೆ ಏನು ಅಂತ ನನಗೆ ಆ ಪೆಟ್ಟಿಗೆ ಕಲಿಸಲಿಲ್ಲ. ಒಂದು ಗುರುವಾರದ ರಾತ್ರಿ ಕಲಿಸಿತು.

ಶುರು ಮಾಡಿ ಎರಡನೇ ವರ್ಷ ಅದು. ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೆ. ಮರುದಿನ ಅವನ ಸಂಬಳ ಹಾಕಬೇಕು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಬ್ಯಾಂಕಿನ ಖಾತೆ ನೋಡಿದೆ. ಅವನ ಸಂಬಳಕ್ಕೆ ಬೇಕಾದ್ದರ ಅರ್ಧ ಮಾತ್ರ ಇತ್ತು. ಕೆಲಸ ಇಲ್ಲದೆ ಹೀಗಾಗಿರಲಿಲ್ಲ. ಮೂರು ದೊಡ್ಡ ಬಿಲ್ಲು ಬಾಕಿ ಇದ್ದವು. ಅದರಲ್ಲಿ ಒಂದು ದೊಡ್ಡ ಕಂಪನಿಯದ್ದು, 30 ದಿನದಲ್ಲಿ ಕೊಡುತ್ತೇವೆ ಅಂದವರು 75 ದಿನ ದಾಟಿಸಿದ್ದರು. ಫೋನ್ ಮಾಡಿದರೆ 'ಪ್ರೊಸೆಸ್ ಆಗುತ್ತಿದೆ' ಅನ್ನುವ ಒಂದೇ ಉತ್ತರ. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಕೇಳಿದಳು, "ಅವನಿಗೆ ಸೋಮವಾರ ಕೊಡ್ತೀನಿ ಅಂತ ಹೇಳೋಕೆ ಆಗುತ್ತಾ?" ಆಗುತ್ತಿತ್ತು. ಹುಡುಗ ಒಳ್ಳೆಯವನು, ಒಪ್ಪಿಕೊಳ್ಳುತ್ತಿದ್ದ. ಆದರೆ ಅವನೂ ಬಾಡಿಗೆ ಮನೆಯಲ್ಲಿದ್ದ, ಅವನೂ ಹೊರಗಿನಿಂದ ಬಂದವನು. ನಮ್ಮ ಉಳಿತಾಯ ತೆಗೆದು ಹಾಕಿದೆವು. ಆ ತಿಂಗಳು ನಾನು ಏನೂ ತೆಗೆದುಕೊಳ್ಳಲಿಲ್ಲ.

ಕೊಡಬೇಕಾದ್ದಕ್ಕೆ ತಾರೀಕು ಇದೆ, ಮೊತ್ತ ಇದೆ. ಬರಬೇಕಾದ್ದಕ್ಕೆ ಎರಡೂ ಇಲ್ಲ. ಆ ನಡುವಿನ ಜಾಗದಲ್ಲಿ ನಿಂತುಕೊಳ್ಳಲು ಒಪ್ಪಿದವನೇ ಉದ್ಯಮಿ. ಉಳಿದದ್ದೆಲ್ಲ, ಅಂದರೆ ಕಂಪನಿಯ ಹೆಸರು, ಲೋಗೋ, ಹೂಡಿಕೆದಾರರು, ಕಚೇರಿ, ಆಮೇಲೆ ಬರುವಂಥದ್ದು.

ನಂತರ ಓದುತ್ತಾ ಹೋದಾಗ ಗೊತ್ತಾಯಿತು, ಈ ಮಾತನ್ನು ಸುಮಾರು ಮುನ್ನೂರು ವರ್ಷದ ಹಿಂದೆಯೇ ಒಬ್ಬರು ಹೇಳಿದ್ದರು. ರಿಚರ್ಡ್ ಕ್ಯಾಂಟಿಲನ್ ಅಂತ. ಐರ್ಲೆಂಡಿನವರು, ಪ್ಯಾರಿಸ್‌ಗೆ ಹೋಗಿ ಬ್ಯಾಂಕಿಂಗ್ ಮಾಡಿದವರು. 1734ರಲ್ಲಿ ತೀರಿಕೊಂಡರು, ಅವರ ಬರಹ ಅಚ್ಚಾಗಿದ್ದು 1755ರಲ್ಲಿ. ಅವರ ಲೆಕ್ಕದಲ್ಲಿ ಜನರಲ್ಲಿ ಎರಡು ಬಗೆ. ಗೊತ್ತಾದ ಆದಾಯದಲ್ಲಿ ಬದುಕುವವರು ಒಂದು ಕಡೆ, ಗೊತ್ತಿಲ್ಲದ ಆದಾಯದಲ್ಲಿ ಬದುಕುವವರು ಇನ್ನೊಂದು ಕಡೆ. ಗೊತ್ತಾದ ಬೆಲೆಗೆ ಕೊಂಡು, ಎಷ್ಟಕ್ಕೆ ಹೋಗುತ್ತದೋ ಗೊತ್ತಿಲ್ಲದೆ ಮಾರುವವನನ್ನು ಅವರು ಉದ್ಯಮಿ ಅಂದರು. ಜಮೀನಿನ ಒಡೆಯನಿಗೆ ಇಂತಿಷ್ಟು ಗೇಣಿ ಅಂತ ಮಾತು ಕೊಟ್ಟು, ಬೆಳೆ ಎಷ್ಟು ಬರುತ್ತದೋ ಗೊತ್ತಿಲ್ಲದೆ ಬಿತ್ತುವ ರೈತನನ್ನೂ ಆ ಸಾಲಿಗೆ ಸೇರಿಸಿದರು. ಭಿಕ್ಷುಕನನ್ನೂ ಸೇರಿಸಿದರು! ಅವನ ಆದಾಯಕ್ಕೂ ಖಾತ್ರಿ ಇಲ್ಲ ಅಲ್ವಾ. ಉದ್ಯಮಿ ಅನ್ನುವ ಮಾತಿಗೆ ಇಂಗ್ಲಿಷಿನಲ್ಲೂ ಈಗ ಬಳಸುವ ಆಂತ್ರಪ್ರೆನರ್ ಅನ್ನುವುದು ಫ್ರೆಂಚ್ ಪದ. ಕೈಗೆತ್ತಿಕೊಳ್ಳುವವನು ಅಂತ ಅದರ ಅರ್ಥ. ನಮ್ಮ ಉದ್ಯಮ ಅನ್ನುವ ಪದಕ್ಕೂ ಮೂಲದಲ್ಲಿ ಪ್ರಯತ್ನ ಅಂತಲೇ ಅರ್ಥ. ಎರಡರಲ್ಲೂ ದುಡ್ಡಿನ ಮಾತೇ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಇದನ್ನು ಬಿಡಿಸಿ ಹೇಳಿದರು. ಲೆಕ್ಕ ಹಾಕಬಹುದಾದ ಅಪಾಯ ಬೇರೆ, ಲೆಕ್ಕಕ್ಕೇ ಸಿಗದ ಅನಿಶ್ಚಿತತೆ ಬೇರೆ. ನನ್ನ ಗಾಡಿ ಅಪಘಾತವಾದರೆ ವಿಮೆ ಇದೆ. ನನ್ನ ಬಟ್ಟುಗಳ ಪೆಟ್ಟಿಗೆ ಕಳುವಾದರೂ ವಿಮೆ ಇದೆ. ಆದರೆ ಮುಂದಿನ ವರ್ಷ ಗಿರಾಕಿಗಳು ನನ್ನನ್ನೇ ಕರೆಯುತ್ತಾರಾ ಅನ್ನುವುದಕ್ಕೆ ಯಾವ ವಿಮಾ ಕಂಪನಿಯೂ ಪಾಲಿಸಿ ಕೊಡುವುದಿಲ್ಲ. ಅದು ನನ್ನ ತಲೆ ಮೇಲೆಯೇ ಇರಬೇಕು. ಲಾಭ ಅನ್ನುವುದೇನಾದರೂ ಇದ್ದರೆ ಅದು ಆ ಹೊರೆ ಹೊತ್ತಿದ್ದಕ್ಕೆ ಸಿಗುವುದು.

ಹಾಗಾದರೆ ಜನ ಯಾಕೆ ಹೊರುತ್ತಾರೆ?

ದುಡ್ಡಿಗೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಉತ್ತರದ ಮೇಲೆ ನಂಬಿಕೆ ಇಲ್ಲ. ಅಮೆರಿಕದಲ್ಲಿ ಬಾರ್ಟನ್ ಹ್ಯಾಮಿಲ್ಟನ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನೇ ಲೆಕ್ಕ ಹಾಕಿ 2000ದಲ್ಲಿ ಪ್ರಕಟಿಸಿದರು. ಹತ್ತು ವರ್ಷ ಸ್ವಂತ ಉದ್ಯಮ ಮಾಡಿದವರ ಮಧ್ಯದ ಆದಾಯ, ಅಂದರೆ ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವವರದ್ದು, ಅವರೇ ಅಷ್ಟು ವರ್ಷ ನೌಕರಿಯಲ್ಲಿದ್ದರೆ ಬರುತ್ತಿದ್ದದ್ದಕ್ಕಿಂತ ಶೇ. 35ರಷ್ಟು ಕಡಿಮೆ ಇತ್ತು. ಕೆಲವರು ತುಂಬಾ ಮೇಲೆ ಹೋಗುತ್ತಾರೆ, ನಾವು ಅವರ ಕಥೆ ಮಾತ್ರ ಕೇಳುತ್ತೇವೆ. ನನ್ನ ಜೊತೆ ಕೆಲಸಕ್ಕೆ ಸೇರಿ ಅಲ್ಲೇ ಉಳಿದ ಗೆಳೆಯನಿಗಿಂತ ನಾನು ಮೊದಲ ಏಳು ವರ್ಷ ಕಡಿಮೆ ಗಳಿಸಿದೆ. ದುಡ್ಡೊಂದೇ ಕಾರಣವಾಗಿದ್ದರೆ ಮೂರನೇ ವರ್ಷವೇ ಬಾಗಿಲು ಹಾಕಿರುತ್ತಿದ್ದೆ.

ನಾನು ಕಂಡ ಹಾಗೆ, ಅದರಲ್ಲೂ ನಮ್ಮಂಥ ಹೊರಗಿನವರಲ್ಲಿ, ಮೊದಲ ಕಾರಣ ಮುಚ್ಚಿದ ಬಾಗಿಲು. ಇಲ್ಲಿಗೆ ಬರುವ ಮುಂಚೆ ಹನ್ನೆರಡು ವರ್ಷ ದಂತವೈದ್ಯೆಯಾಗಿದ್ದ ಒಬ್ಬರು ನನಗೆ ಗೊತ್ತು. ಬಂದ ಮೇಲೆ ಅವರ ಡಿಗ್ರಿಗೆ ಮಾನ್ಯತೆ ಸಿಗಲಿಲ್ಲ. ಮತ್ತೆ ಪರೀಕ್ಷೆ, ಮತ್ತೆ ಓದು, ಅದಕ್ಕೆ ವರ್ಷಗಟ್ಟಲೆ ಸಮಯ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಅರ್ಜಿ ಹಾಕಿದ ಕಡೆಯೆಲ್ಲ 'ಸ್ಥಳೀಯ ಅನುಭವ ಇದೆಯಾ' ಅನ್ನುವ ಪ್ರಶ್ನೆ. ಕೊನೆಗೆ ಮನೆಯಲ್ಲೇ ಐದು ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವುದಕ್ಕೆ ಲೈಸೆನ್ಸ್ ಮಾಡಿಸಿಕೊಂಡರು. ಈಗ ಅವರ ಹತ್ತಿರ ಹನ್ನೊಂದು ಜನ ಕೆಲಸ ಮಾಡುತ್ತಾರೆ. ಅವರು ಒಮ್ಮೆ ನನಗೆ ಹೇಳಿದರು, "ನನಗೆ ಉದ್ಯಮಿ ಆಗೋ ಆಸೆ ಇರಲಿಲ್ಲ. ಕೂತಿರೋಕೆ ಆಗಲಿಲ್ಲ ಅಷ್ಟೆ."

ಉದ್ಯಮಕ್ಕೆ ಬರುವ ಎರಡು ದಾರಿಯನ್ನು ಬೇರೆ ಮಾಡಿ ನೋಡುವವರೂ ಇದ್ದಾರೆ. 1999ರಿಂದ ನಡೆಯುತ್ತಿರುವ ಗ್ಲೋಬಲ್ ಆಂತ್ರಪ್ರೆನರ್‌ಶಿಪ್ ಮಾನಿಟರ್ ಅನ್ನುವ ಸಮೀಕ್ಷೆ, ಬೇರೆ ಕೆಲಸ ಸಿಗದೆ ಶುರು ಮಾಡಿದವರನ್ನೂ ಅವಕಾಶ ಕಂಡು ಶುರು ಮಾಡಿದವರನ್ನೂ ಬಹಳ ವರ್ಷ ಬೇರೆ ಬೇರೆ ಎಣಿಸಿತ್ತು. ಹೊಟ್ಟೆಪಾಡಿಗೆ ಶುರು ಮಾಡಿದ್ದನ್ನು ಕೆಲವರು ಕೀಳಾಗಿ ಮಾತಾಡುತ್ತಾರೆ. ನನಗೆ ಅದು ಸಿಟ್ಟು ತರಿಸುತ್ತದೆ. ಆ ದಂತವೈದ್ಯೆಗೆ ಇದ್ದಷ್ಟು ಧೈರ್ಯ ನನಗಿರಲಿಲ್ಲ. ನನಗೆ ಸಂಬಳ ಬರುತ್ತಿತ್ತು, ನಾನು ಕಾದು ನೋಡಿ ಹೆಜ್ಜೆ ಇಟ್ಟೆ.

ನನ್ನದು ಎರಡನೇ ಬಗೆ. ನಾನಿದ್ದ ಕಂಪನಿ ದೊಡ್ಡ ಗಿರಾಕಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿತ್ತು. ಒಂದೋ ಎರಡೋ ತಕ್ಕಡಿ ಇರುವ ಸಣ್ಣವರು ಮಾತ್ರ ಮೂರು ವಾರ ಕಾಯಬೇಕಿತ್ತು. ಒಂದು ಸಲ ಒಬ್ಬ ಸಣ್ಣ ಪ್ರಯೋಗಾಲಯದವರು ಫೋನಿನಲ್ಲಿ ಅಳುವ ದನಿಯಲ್ಲಿ ಕೇಳಿದರು, ಮೂರು ವಾರ ತಕ್ಕಡಿ ಇಲ್ಲದೆ ನಾನು ಏನು ಮಾಡಲಿ ಅಂತ. ಅಂಥ ಫೋನು ಎಷ್ಟೋ ಜನ ಎತ್ತಿದ್ದರು. ಆವತ್ತು ನಾನು ಎತ್ತಿದೆ, ಮತ್ತೆ ಮರೆಯಲು ಆಗಲಿಲ್ಲ. ಇಸ್ರೇಲ್ ಕಿರ್ಜ್ನರ್ ಅನ್ನುವ ಅರ್ಥಶಾಸ್ತ್ರಜ್ಞರು ಇದಕ್ಕೆ ಎಚ್ಚರ ಅನ್ನುವ ಅರ್ಥದ ಮಾತು ಬಳಸುತ್ತಾರೆ. ಎಲ್ಲರ ಕಣ್ಣ ಮುಂದೆಯೇ ಇರುವುದನ್ನು ಒಬ್ಬ ಗಮನಿಸುತ್ತಾನೆ, ಅಷ್ಟೆ. ಹೊಸದೇನೂ ಕಂಡುಹಿಡಿಯಬೇಕಿಲ್ಲ. ಸಣ್ಣವರ ಹತ್ತಿರ ಮೂರು ದಿನದಲ್ಲಿ ಹೋಗುವುದು, ಇದೇ ನನ್ನ ಇಡೀ ಯೋಜನೆಯಾಗಿತ್ತು. ಇವತ್ತಿಗೂ ಅದೇ.

ಯಾರ ಕೈ ಕೆಳಗೂ ಇರಬಾರದು ಅನ್ನುವ ಆಸೆಯೂ ಒಂದು ಕಾರಣ. ಅದು ನಿಜವಾದ ಆಸೆ, ಆದರೆ ಅದೊಂದನ್ನೇ ನಂಬಿ ಬರಬೇಡಿ. ಒಬ್ಬ ಬಾಸ್ ಹೋಗಿ ನಲವತ್ತು ಗಿರಾಕಿಗಳು ಬರುತ್ತಾರೆ.

ಹೊರಗಿನವರೇ ಜಾಸ್ತಿ ಯಾಕೆ ಅಂತ ಕೇಳಿದಿರಿ. ನಿಮ್ಮ ಕಣ್ಣು ಸುಳ್ಳು ಹೇಳುತ್ತಿಲ್ಲ. ಅಮೆರಿಕದ ಅಂಕಿ ಅಂಶ ನೋಡಿದ ಒಂದು ದೊಡ್ಡ ಅಧ್ಯಯನದಲ್ಲಿ, ವಲಸೆ ಬಂದವರು ಕಂಪನಿ ಶುರು ಮಾಡುವ ಪ್ರಮಾಣ ಅಲ್ಲೇ ಹುಟ್ಟಿದವರಿಗಿಂತ ಶೇ. 80ರಷ್ಟು ಹೆಚ್ಚು ಇತ್ತು. ಮುಚ್ಚಿದ ಬಾಗಿಲು ಒಂದು ಕಾರಣ. ಎರಡು ಕಡೆ ಬದುಕಿದವರಿಗೆ, ಇಲ್ಲಿಯವರು ಮಾಮೂಲು ಅಂತ ಬಿಟ್ಟದ್ದು ವಿಚಿತ್ರವಾಗಿ ಕಾಣುವುದು ಇನ್ನೊಂದು. ಮೂರು ವಾರ ಕಾಯುವುದು ಇಲ್ಲಿಯವರಿಗೆ ಸಹಜವಾಗಿತ್ತು, ನನಗೆ ಆಗಿರಲಿಲ್ಲ. ಮತ್ತೊಂದು, ನನಗೆ ತುಂಬಾ ಮುಖ್ಯ ಅನಿಸುವುದು: ದೇಶ ಬಿಟ್ಟು ಬಂದವರು ಆಗಲೇ ಒಮ್ಮೆ ಗೊತ್ತಿರುವುದನ್ನು ಬಿಟ್ಟು ಗೊತ್ತಿಲ್ಲದ್ದನ್ನು ಆರಿಸಿಕೊಂಡಿದ್ದಾರೆ. ನೀವೂ ಎಂಟು ತಿಂಗಳ ಹಿಂದೆ ಅದನ್ನೇ ಮಾಡಿದಿರಿ. ಉದ್ಯಮದ ಬಗ್ಗೆ ಯೋಚಿಸಿದವರನ್ನೇ ನೋಡಿ. ಕ್ಯಾಂಟಿಲನ್ ವಲಸಿಗರು. ಹಳೆಯದನ್ನು ಕೆಡವಿ ಹೊಸದನ್ನು ತರುವವನೇ ಉದ್ಯಮಿ ಅಂದ ಜೋಸೆಫ್ ಶುಂಪೀಟರ್ ಆಸ್ಟ್ರಿಯಾ ಕಡೆಯವರು, 1932ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಕಿರ್ಜ್ನರ್ ಲಂಡನ್ನಿನಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕಾದಲ್ಲಿ ಬೆಳೆದು, ನ್ಯೂಯಾರ್ಕ್‌ನಲ್ಲಿ ಪಾಠ ಮಾಡಿದರು. ಇದು ಸುಮ್ನೆ ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ.

ಈಗ ಬೀಳುವ ಮಾತು. ಅಮೆರಿಕದ ಕಾರ್ಮಿಕ ಅಂಕಿ ಅಂಶ ಇಲಾಖೆಯ ಲೆಕ್ಕದಲ್ಲಿ ಹೊಸದಾಗಿ ಶುರುವಾದ ಉದ್ಯಮಗಳಲ್ಲಿ ಸುಮಾರು ಐದರಲ್ಲಿ ಒಂದು ಮೊದಲ ವರ್ಷದೊಳಗೆ ಮುಚ್ಚುತ್ತದೆ, ಐದು ವರ್ಷಕ್ಕೆ ಸುಮಾರು ಅರ್ಧ. ಸ್ವಂತ ದೇಶದಲ್ಲಿ ಕೈ ಸುಟ್ಟುಕೊಂಡರೆ ಅಪ್ಪನ ಮನೆಗೆ ಹೋಗಿ ನಾಲ್ಕು ತಿಂಗಳು ಇರಬಹುದು. ಇಲ್ಲಿ ಬಾಡಿಗೆ ಕಾಯುವುದಿಲ್ಲ, ವೀಸಾ ಅಂತೂ ಕಾಯುವುದೇ ಇಲ್ಲ.

ಅದಕ್ಕೆ ನಿಮಗೆ ನಾನು ಹೇಳುವುದು ಸರಸ್ ಸರಸ್ವತಿಯವರಿಂದ ಕಲಿತದ್ದು. ಭಾರತದಿಂದ ಅಮೆರಿಕಕ್ಕೆ ಹೋಗಿ, ಅನುಭವಸ್ಥ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿದವರು ಅವರು. ಪಳಗಿದ ಉದ್ಯಮಿಗಳು ಎಷ್ಟು ಲಾಭ ಬರಬಹುದು ಅಂತ ಮೊದಲು ಲೆಕ್ಕ ಹಾಕುವುದಿಲ್ಲ, ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದು ಅಂತ ಹಾಕುತ್ತಾರೆ. ಕೈಯಲ್ಲಿ ಏನಿದೆ, ಏನು ಗೊತ್ತಿದೆ, ಯಾರು ಗೊತ್ತಿದ್ದಾರೆ, ಅಲ್ಲಿಂದ ಶುರು ಮಾಡುತ್ತಾರೆ. ಇದನ್ನು ಓದುವ ಎಷ್ಟೋ ಮೊದಲೇ ನಾವು ಗಂಡ ಹೆಂಡತಿ ಒಂದು ಕಾಗದದ ಮೇಲೆ ಒಂದು ಮೊತ್ತ ಬರೆದಿದ್ದೆವು. ಇಷ್ಟು ಹೋದರೆ ನಿಲ್ಲಿಸುತ್ತೇನೆ, ಮತ್ತೆ ನೌಕರಿ ಹುಡುಕುತ್ತೇನೆ ಅಂತ. ಆ ಗುರುವಾರ ರಾತ್ರಿ ಅದರ ಮುಕ್ಕಾಲು ಭಾಗ ಹೋಗಿತ್ತು. ಕಾಲು ಉಳಿದಿದೆ ಅಂತ ಗೊತ್ತಿದ್ದರಿಂದ ನಿದ್ದೆ ಬಂತು.

ಹಾಗಾಗಿ ಈ ವಾರ ಮೊದಲು ನಿಮ್ಮ ವೀಸಾದ ಕಾಗದ ತೆಗೆದು ನೋಡಿ. ಎಷ್ಟೋ ದೇಶಗಳಲ್ಲಿ ಕೆಲಸದ ವೀಸಾ ಒಬ್ಬ ಮಾಲೀಕರಿಗೆ ಕಟ್ಟಿಹಾಕಿರುತ್ತದೆ, ಪಕ್ಕದಲ್ಲಿ ಸಣ್ಣದಾಗಿ ಏನಾದರೂ ಮಾಡಿದರೂ ತಪ್ಪಾಗುತ್ತದೆ. ಗೆಳೆಯರ ಮಾತು ನಂಬಬೇಡಿ, ವಲಸೆ ವಕೀಲರಿಗೆ ಫೀಸು ಕೊಟ್ಟು ಕೇಳಿ. ಆಮೇಲೆ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಒಪ್ಪಂದ ಓದಿ. ನನ್ನದರಲ್ಲಿ, ಬಿಟ್ಟ ಮೇಲೆ ಒಂದು ವರ್ಷ ಕಂಪನಿಯ ಗಿರಾಕಿಗಳ ಹತ್ತಿರ ಹೋಗುವಂತಿಲ್ಲ ಅಂತ ಇತ್ತು. ಆ ವರ್ಷ ಫೋನಿನಲ್ಲಿ ಅತ್ತ ಪ್ರಯೋಗಾಲಯದವರ ಹತ್ತಿರ ನಾನು ಹೋಗಲಿಲ್ಲ. ಹದಿಮೂರನೇ ತಿಂಗಳು ಪೆಟ್ಟಿಗೆ ಎತ್ತಿಕೊಂಡು ಹೋದೆ. ಬಾಗಿಲು ತೆಗೆದವರು ನನ್ನ ದನಿ ಗುರುತು ಹಿಡಿದರು.

ನಿಮ್ಮ ಕೆಲಸದಲ್ಲಿ ಯಾರು ಮೂರು ವಾರ ಕಾಯುತ್ತಿದ್ದಾರೆ ಅಂತ ನೋಡಿ ಬರೆಯಿರಿ. ಮನೆಯವರ ಜೊತೆ ಕೂತು ಆ ಮೊತ್ತವನ್ನೂ ಬರೆದಿಡಿ. ಯಾರೂ ಕಾಯುತ್ತಿಲ್ಲ, ಬರೀ ಬಾಸ್ ಮೇಲಿನ ಬೇಸರ ಅಂತ ಗೊತ್ತಾದರೆ, ಅದನ್ನೂ ಬರೆಯಿರಿ. ಬೇರೆ ಕೆಲಸ ಹುಡುಕುವುದಕ್ಕೆ ನನ್ನಿಂದ ಆದ ಸಹಾಯ ಮಾಡುತ್ತೇನೆ.